ಆಸ್ಕಿ ತಂದ ಮೇಲೂ ವಾರ್ಡ್ ಖಾಲಿ. ಎಲ್ಲಿ ತಪ್ಪುತ್ತಿದ್ದೇವೆ?

ಮೆಡಿಸಿನ್ ಮೇಡಂ:
ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಪಾಠ ಮಾಡುತ್ತಿದ್ದೇನೆ. 2019ರ ಬ್ಯಾಚಿಗೆ ಹೊಸ ಪಠ್ಯಕ್ರಮ ಬಂದಾಗ ನಮ್ಮ ವಿಭಾಗದಲ್ಲಿ ಹಟ ಹಿಡಿದು ಆಸ್ಕಿ (OSCE, ಮೇಜಿನಿಂದ ಮೇಜಿಗೆ ಹೋಗಿ ಕೆಲಸ ಮಾಡಿ ತೋರಿಸುವ ಪರೀಕ್ಷೆ) ಶುರು ಮಾಡಿಸಿದವಳು ನಾನೇ. ಒಂದೊಂದು ಮೇಜಿಗೆ ಒಂದೊಂದು ಕೆಲಸ, ಐದು ನಿಮಿಷಕ್ಕೊಮ್ಮೆ ಗಂಟೆ, ಎಲ್ಲರಿಗೂ ಒಂದೇ ಚೆಕ್‌ಲಿಸ್ಟ್. ಪರೀಕ್ಷಕರ ಮರ್ಜಿಗೆ ಅಂಕ ಬೀಳಬಾರದು ಅಂತಲೇ ಸ್ಕಾಟ್ಲೆಂಡಿನ ಡಂಡಿಯ ವೈದ್ಯಕೀಯ ಶಿಕ್ಷಕ ಹಾರ್ಡನ್ 1975ರಲ್ಲಿ ಇದನ್ನು ತಂದದ್ದು.

ಕಳೆದ ತಿಂಗಳು ಒಬ್ಬ ಹೌಸ್ ಸರ್ಜನ್ ಅಜ್ಜಿಯೊಬ್ಬರಿಗೆ ಸ್ವೆಟರ್ ತೋಳಿನ ಮೇಲೇ ಬಿಪಿ ನೋಡುವ ಕಫ್ (ಗಾಳಿ ತುಂಬುವ ಪಟ್ಟಿ) ಸುತ್ತಿದ. ನಾಡಿ ಹಿಡಿಯಲಿಲ್ಲ, 150ರವರೆಗೆ ಮಾತ್ರ ಗಾಳಿ ತುಂಬಿ 140 ಅಂತ ಬರೆದ. ನಾನು ನಾಡಿ ಹಿಡಿದು ನೋಡಿದರೆ 190. ನಡುವೆ ಸ್ಟೆತಸ್ಕೋಪಿನಲ್ಲಿ ಸದ್ದು ಕೇಳಿಸದ ಒಂದು ಅಂತರ ಇತ್ತು, ಅದು ತಪ್ಪಿಹೋಗಬಾರದು ಅಂತಲೇ ಮೊದಲು ನಾಡಿ ಹಿಡಿಯುವುದು. ಇದೇ ಹುಡುಗನಿಗೆ ನನ್ನ ಬಿಪಿ ಮೇಜಿನಲ್ಲಿ ಹತ್ತಕ್ಕೆ ಒಂಬತ್ತು ಬಂದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಾರ್ಡ್ ಪೋಸ್ಟಿಂಗಿನ ಕೊನೇ ದಿನ, ಮಕ್ಕಳು ಕಲಿತ ಕೆಲಸ ಬರೆದಿಡುವ ಮೂವತ್ತು ಲಾಗ್‌ಬುಕ್ ಮೇಜಿನ ಮೇಲೆ ಬೀಳುತ್ತವೆ, ನಾನೂ ಸೈನ್ ಹಾಕುತ್ತೇನೆ. ಚೆಕ್‌ಲಿಸ್ಟ್ ಇನ್ನೂ ಉದ್ದ ಮಾಡಬೇಕೆ?

ಫಿಸಿಯಾಲಜಿ ಸರ್:
ಬೇಡ ಮೇಡಂ. ಉದ್ದ ಮಾಡಿದಷ್ಟೂ ಬಾಯಿಪಾಠ ಉದ್ದವಾಗುತ್ತದೆ. ಮಕ್ಕಳ ಕಣ್ಣಿರುವುದು ಸ್ನಾತಕೋತ್ತರ ಸೀಟಿನ ಪ್ರವೇಶ ಪರೀಕ್ಷೆ ನೀಟ್ ಪಿಜಿ ಮೇಲೆ: 200 ಪ್ರಶ್ನೆ, 800 ಅಂಕ, ರೋಗಿಯನ್ನು ಮುಟ್ಟುವ ಕೆಲಸ ಒಂದೂ ಇಲ್ಲ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಅವರು ವಾರ್ಡಿನಲ್ಲಿರುವುದಿಲ್ಲ, ಲೈಬ್ರರಿಯಲ್ಲಿ ಕೋಚಿಂಗ್ ಆಪ್ ನೋಡುತ್ತಿರುತ್ತಾರೆ. ಮಕ್ಕಳಿಲ್ಲ ಅಂತ ಮೇಷ್ಟರು ಬೇಗ ರೌಂಡ್ಸ್ ಮುಗಿಸಿ ಒಪಿಡಿಗೆ ಹೋಗುತ್ತಾರೆ. ಯಾರು ಏನು ಕಲಿತರು ಅಂತ ಕಂಡವರೇ ಇಲ್ಲದ ಮೇಲೆ ಸೈನ್ ಒಟ್ಟಿಗೇ ಬೀಳುತ್ತದೆ. ವಾರ್ಡಿಗೆ ಹೋಗದಿದ್ದರೂ ಸೈನ್ ಸಿಗುತ್ತದೆ ಅಂತ ಮುಂದಿನ ಬ್ಯಾಚಿಗೆ ಗೊತ್ತಾಗುತ್ತದೆ, ವಾರ್ಡ್ ಇನ್ನಷ್ಟು ಖಾಲಿ. ಈ ಚಕ್ರದ ಒಂದು ಹಲ್ಲಾದ ಪರೀಕ್ಷೆಯನ್ನು ಮಾತ್ರ ನೀವು ಬದಲಿಸಿದಿರಿ. ನೀಟನ್ನು ನಾವು ಅಲುಗಿಸಲಾರೆವು. ಸೈನ್ ನಮ್ಮ ಕೈಯಲ್ಲೇ ಇದೆ.

ನರ್ಸಿಂಗ್ ಟ್ಯೂಟರ್:
ಒಂದು ಮಾತು ಮೇಡಂ. ಯಾವ ಹುಡುಗ ಕಫ್ ಸರಿಯಾಗಿ ಕಟ್ಟುತ್ತಾನೆ, ಯಾರು ಕೈ ತೊಳೆಯದೆ ಬರುತ್ತಾರೆ ಅಂತ ವಾರ್ಡಿನ ಸಿಸ್ಟರಿಗೆ ಒಂದು ವಾರದಲ್ಲೇ ಗೊತ್ತಾಗುತ್ತದೆ. ಇಷ್ಟು ವರ್ಷದಲ್ಲಿ ನಮ್ಮನ್ನು ಒಬ್ಬರೂ ಕೇಳಿಲ್ಲ.

ಮೆಡಿಸಿನ್ ಮೇಡಂ:
ಸಿಸ್ಟರ್, ಆ ಮಾತು ನನಗೆ ತಾಗಿತು. ನಾನೂ ಕೇಳಿಲ್ಲ.

ಸರ್, ಲೆಕ್ಕ ಹಾಕಿದೆ. ಬ್ಯಾಚಿನಲ್ಲಿ 30 ಮಕ್ಕಳು, ನಾಲ್ಕು ವಾರಕ್ಕೆ 24 ದಿನ. ಒಬ್ಬೊಬ್ಬರನ್ನು ಎರಡು ಸಲ ಹಾಸಿಗೆ ಪಕ್ಕ ನಿಂತು ನೋಡಿದರೆ 60. ನಾವು ಐದು ಜನ, ತಲೆಗೆ 12. ಎರಡು ದಿನಕ್ಕೊಂದು, ಹತ್ತು ನಿಮಿಷ. ನೋಡಿದ ದಿನವೇ ಸೈನ್, ಕೊನೇ ದಿನ ಸೈನ್ ಇಲ್ಲ. ಅದಕ್ಕೂ ಅಂಕ ಕೊಡಲೇ?

ಕಮ್ಯೂನಿಟಿ ಮೆಡಿಸಿನ್:
ದಯವಿಟ್ಟು ಕೊಡಬೇಡಿ. ಅಂಕ ಅಂದ ಕೂಡಲೇ ಮಕ್ಕಳು ಗೊತ್ತಿರುವ ಕೇಸನ್ನೇ ಆರಿಸುತ್ತಾರೆ, ನಾವೂ ಮನಸ್ಸು ಕರಗಿ ಎಂಟು ಹಾಕುತ್ತೇವೆ. ಏನು ಚೆನ್ನಾಗಿತ್ತು, ಮುಂದಿನ ಸಲ ಏನು ತಿದ್ದಬೇಕು, ಎರಡೇ ಸಾಲು ಬರೆಯಿರಿ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನ ವೈದ್ಯಕೀಯ ಶಿಕ್ಷಣ ತಜ್ಞ ವಾನ್ ಡರ್ ವ್ಲೂಟನ್ ಹೇಳುವುದೂ ಇದನ್ನೇ: ಒಂದು ಸಲ ನೋಡಿದ್ದು ಒಂದು ಚುಕ್ಕಿ. ಒಬ್ಬರ ಮೇಲೆ ದೊಡ್ಡ ತೀರ್ಮಾನ ಮಾಡಲು ಬೇರೆ ಬೇರೆಯವರು ಇಟ್ಟ ತುಂಬ ಚುಕ್ಕಿ ಬೇಕು. ಸಿಸ್ಟರ ಚುಕ್ಕಿಯೂ ಅದರಲ್ಲಿ ಸೇರಲಿ.

ಮೆಡಿಸಿನ್ ಮೇಡಂ:
ಸರಿ. ಸೋಮವಾರದಿಂದ ಮಹಿಳಾ ವಾರ್ಡಿನಲ್ಲಿ ಶುರು ಮಾಡುತ್ತೇವೆ. ಸಿಸ್ಟರಿಗೂ ಒಂದು ನೋಟ್‌ಬುಕ್ ಇಡುತ್ತೇನೆ. ರಾತ್ರಿ ಡ್ಯೂಟಿಯ ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು) ನೋಡಿದ್ದನ್ನೂ ಲೆಕ್ಕಕ್ಕೆ ತಗೊಳ್ಳಬಹುದೇ? ಹೀಗೆ ನೋಡಿ ಬರೆಯುವುದನ್ನು ಅವರಿಗೆ ನಿಮ್ಮಲ್ಲಿ ಯಾರಾದರೂ ಮೊದಲು ಹೇಳಿಕೊಟ್ಟಿದ್ದೀರಾ, ಎಷ್ಟು ದಿನ ಹಿಡಿಯಿತು?