ಇಳಕಲ್ಲಿನ ಕಿರುಚಿತ್ರಕ್ಕ ರೊಕ್ಕ ಹೊಂದಿಸೋದು ಹೆಂಗ್ರಿ?

ಪ್ರಶ್ನೆ: 15 ನಿಮಿಷದ ಚಿತ್ರ, ನೇಕಾರರ ಮನಿಯೊಳಗ ಎರಡು ದಿನದ ಶೂಟಿಂಗ್. ಅಂದಾಜು 1.5 ಲಕ್ಷ. ಕ್ರೌಡ್‌ಫಂಡಿಂಗ್ (ಆನ್‌ಲೈನ್‌ನಾಗ ಭಾಳ ಮಂದಿ ಕಡಿಂದ ಸ್ವಲ್ಪ ಸ್ವಲ್ಪ ರೊಕ್ಕ ಕೂಡಿಸೋದು) ಮಾಡ್ಬೇಕೋ, ಸಕ್ಕರೆ ಕಾರ್ಖಾನೆಯವರನ್ನ ಕೇಳ್ಬೇಕೋ?

ಉತ್ತರ 1: ಮೊದಲು ಬಜೆಟ್ ಬಿಡಿಸಿ ಬರೀರಿ. ಕ್ಯಾಮೆರಾ ಬಾಡಿಗಿ, ಊಟ ಎಲ್ಲಾರೂ ಬರೀತಾರ; ಎರಡು ಹಾರ್ಡ್‌ಡಿಸ್ಕ್, ಸೌಂಡ್ ಮಿಕ್ಸಿಂಗ್, ಸಬ್‌ಟೈಟಲ್, ಫೆಸ್ಟಿವಲ್ ಫೀ ಬಿಟ್ಟೇ ಹೋಗ್ತಾವ. ಮ್ಯಾಲೆ 10% ಅನಿರೀಕ್ಷಿತ ಖರ್ಚಿಗಂತ ಇಡ್ರಿ. ಮಗ್ಗದ ಸಪ್ಪಳದಾಗ ಮಾತು ಕೇಳಂಗಿಲ್ಲ. ಸೀನ್ ನಡೆಯೋವಾಗ ಮಗ್ಗ ನಿಲ್ಲಿಸಿ, ಸಪ್ಪಳ ಬ್ಯಾರೆ ರೆಕಾರ್ಡ್ ಮಾಡ್ರಿ. ಇಲ್ಲಾಂದ್ರ ಡಬ್ಬಿಂಗ್ ಖರ್ಚು ತಪ್ಪಂಗಿಲ್ಲ. ನಿಲ್ಲಿಸಿದ ತಾಸಿನ ಕೂಲಿ ನೇಕಾರರಿಗೆ ಕೊಡ್ರಿ, ಅದನ್ನೂ ಬಜೆಟ್‌ನಾಗ ಸೇರಿಸ್ರಿ.

ಉತ್ತರ 2: ಕ್ರೌಡ್‌ಫಂಡಿಂಗ್ ಆದ್ರ, ಪೇಜ್ ತೆರೆಯೋ ಮೊದಲೇ ಮೂರನೇ ಒಂದು ಪಾಲು ಪರಿಚಯದವರಿಂದ ಖಾತ್ರಿ ಮಾಡ್ಕೊಳ್ರಿ. ಖಾಲಿ ಪೇಜಿಗೆ ಯಾರೂ ಮೊದಲ ರೂಪಾಯಿ ಹಾಕಂಗಿಲ್ಲ. ಗುರಿ ಮುಟ್ಟದಿದ್ರ ರೊಕ್ಕ ವಾಪಸ್ ಹೋಗ್ತೈತೋ ಇಲ್ಲೋ, ಕಮಿಷನ್ ಎಷ್ಟು, ಮೊದಲೇ ಓದ್ರಿ. "ಲಾಭದಾಗ ಪಾಲು" ಅಂತ ಮಾತ್ರ ಬರೀಬ್ಯಾಡ್ರಿ, ಅದು ಸೆಬಿ (ಷೇರುಪೇಟೆ ನಿಯಂತ್ರಿಸೋ ಸಂಸ್ಥೆ), ಕಂಪನಿ ಕಾಯ್ದೆಯ ತಂಟೆ. ರೊಕ್ಕ ಹಾಕಿದವರಿಗೆ ಇಳಕಲ್ ಸೀರೆ ಉಡುಗೊರೆ ಕೊಟ್ರ ಬಂದದ್ದೆಲ್ಲಾ ಅದಕ್ಕ ಹೋಗ್ತೈತಿ. ಟೈಟಲ್‌ನಾಗ ಹೆಸರು, ಅಮೀನಗಡದ ಕರದಂಟು ಸಾಕು.

ಉತ್ತರ 3: ಕಾರ್ಖಾನೆ ಸಿಎಸ್‌ಆರ್ ರೊಕ್ಕ (ಕಂಪನಿಗಳು ಸಮಾಜದ ಕೆಲಸಕ್ಕ ತೆಗೆದಿಡೋದು) ವ್ಯಕ್ತಿ ಹೆಸರಿಗೆ ಸಿಗೋದು ಕಷ್ಟ. ಆದಾಯ ತೆರಿಗೆಯ ನೋಂದಣಿ (12ಎ, 80ಜಿ ಅಂತಾರ), ಸಿಎಸ್‌ಆರ್ ರೊಕ್ಕ ಪಡೆಯಾಕ ಬೇಕಾದ ಸಿಎಸ್‌ಆರ್-1 ನೋಂದಣಿ ಇರೋ ಟ್ರಸ್ಟ್ ಮೂಲಕ ಹೋಗ್ರಿ. ಕಂಪನಿ ಕಾಯ್ದೆಯ ಸಿಎಸ್‌ಆರ್ ಪಟ್ಟಿಯೊಳಗ ಸಾಂಪ್ರದಾಯಿಕ ಕಲೆ, ಕರಕುಶಲ ಅದಾವ, ಅರ್ಜಿಯೊಳಗ ನೇಯ್ಗೆ ವಿಷಯವೇ ಮುಂದಿರ್ಲಿ. ಕಬ್ಬು ನುರಿಸೋ ಹಂಗಾಮಿನಾಗ ಹೋದ್ರ ಯಾರೂ ಕೈಗೆ ಸಿಗಂಗಿಲ್ಲ. ಅದಕ್ಕಿಂತ ಊರಿನ ಸೀರೆ ಅಂಗಡಿಯವರನ್ನ ಪ್ರಾಯೋಜಕರಾಗಿ ಕೇಳೋದು ಸಲೀಸು. ಲೋಗೋ ಎಲ್ಲಿ, ಎಷ್ಟು ಸೆಕೆಂಡ್ ಅಂತ ಬರವಣಿಗೆಯೊಳಗ ಇಡ್ರಿ.