ಸಹಾಯ ಬೇಕು: ದಿನಾ ಜೇಬಲ್ಲಿ ಮಲ್ಟಿಟೂಲ್ ಇಟ್ಕೊಳ್ಳೋದು ನಿಜವಾಗ್ಲೂ ಉಪಯೋಗವಾ?

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಲೆದರ್‌ಮ್ಯಾನ್ ವೇವ್ ಅನ್ನೋ ಮಲ್ಟಿಟೂಲ್ (ಇಕ್ಕಳ, ಚಾಕು, ಕತ್ತರಿ ಎಲ್ಲಾ ಒಂದರಲ್ಲೇ ಮಡಚಿಡೋ ಸಾಧನ) ಜೇಬಲ್ಲಿಟ್ಕೊಂಡು ಓಡಾಡ್ತಿದ್ದೀನಿ. ತೂಕ ಹತ್ತಿರಹತ್ತಿರ 240 ಗ್ರಾಂ. ಪ್ಯಾಂಟು ಒಂದು ಕಡೆ ಜೋತು ಬೀಳುತ್ತೆ, ಕೂತಾಗ ತೊಡೆಗೆ ಒತ್ತುತ್ತೆ, ಮೊಬೈಲ್ ಗಾಜಿಗೆ ಗೀರು ಬೇರೆ.

ಲೆಕ್ಕ ಹಾಕಿದ್ರೆ ದಿನಾ ಬಳಸೋದು ಪಾರ್ಸೆಲ್ ಟೇಪ್ ಕತ್ತರಿಸೋಕೆ ಮಾತ್ರ. ಅದಕ್ಕೆ ಬೀಗದ ಕೈ ಸಾಕು! ಆದ್ರೆ ಹೋದ ವಾರ ನನ್ನ ಹಳೇ ಗೇರ್ ಸ್ಕೂಟರಿನ ಕ್ಲಚ್ ಕೇಬಲ್ ಸಡಿಲ ಆಯ್ತು. ಅದರ ಅಡ್ಜಸ್ಟರ್ ಅಲುಗದ ಹಾಗೆ ಹಿಡಿಯೋ ಲಾಕ್ ನಟ್ ಕೈಗೆ ಬಗ್ಗಲೇ ಇಲ್ಲ. ಇದರ ಇಕ್ಕಳದಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿದೆ, ಅಡ್ಜಸ್ಟರ್ ತಿರುಗಿಸಿ ಕೇಬಲ್ ಬಿಗಿ ಮಾಡಿದೆ, ಮನೆ ಸೇರಿದೆ. ನಟ್ಟಿನ ಮೂಲೆ ಸ್ವಲ್ಪ ಸವೀತು ಅನ್ನಿ, ಸ್ಪ್ಯಾನರ್ ಕೆಲಸ ಇಕ್ಕಳ ಮಾಡಿದ್ರೆ ಹಾಗೇ ಆಗೋದು. ಆವತ್ತಿಂದ ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ.

ಈಗ ಯೋಚನೆ ಏನಂದ್ರೆ, ಇದನ್ನ ಗಾಡಿ ಡಿಕ್ಕಿಯಲ್ಲಿಟ್ಟು ಜೇಬಿಗೆ ಹಗುರವಾದದ್ದು ತಗೊಳ್ಳೋದಾ? ವಿಕ್ಟೋರಿನಾಕ್ಸ್ ಕ್ಲಾಸಿಕ್ ಅನ್ನೋ ಪುಟ್ಟ ಮಡಚೋ ಚಾಕು 58 ಮಿಲಿಮೀಟರ್ ಉದ್ದ, ಕೀ ಗೊಂಚಲಲ್ಲೇ ಕೂರುತ್ತೆ. ಆದ್ರೆ ಅದರಲ್ಲಿ ಇಕ್ಕಳ ಇಲ್ಲ. ನನಗೆ ಬೇಕಾಗಿರೋದೇ ಅದು. ಲೆದರ್‌ಮ್ಯಾನ್ ಸ್ಕೆಲಿಟೂಲ್ 142 ಗ್ರಾಂ, ಇಕ್ಕಳ ಇದೆ, ಕತ್ತರಿ ಇಲ್ಲ. ಎಲ್ಲಾ ಒಂದರಲ್ಲೇ ಸಿಗಲ್ಲ ಅಂತ ಗೊತ್ತು.

ವರ್ಷಗಟ್ಟಲೆ ಬಳಸಿದವರು ಹೇಳಿ: ಈಗಲೂ ದಿನಾ ಜೇಬಲ್ಲಿದೆಯಾ, ಡ್ರಾಯರ್ ಸೇರ್ತಾ? ಸೊಂಟದ ಪೌಚ್ ಸಲಹೆ ಬೇಡ, ಹಾಕಿ ನೋಡಿ ನಗೆಪಾಟಲಾಗಿದೀನಿ. ವಿಮಾನ ಹತ್ತೋ ದಿನ ಮರೆತು ಬ್ಲೇಡ್ ಇರೋದನ್ನ ಭದ್ರತಾ ತಪಾಸಣೆಯಲ್ಲಿ ಕಳ್ಕೊಂಡವರಿದ್ರೆ, ನೀವು ಆಮೇಲೆ ಏನು ಅಭ್ಯಾಸ ಮಾಡ್ಕೊಂಡ್ರಿ ಅನ್ನೋದನ್ನೂ ತಿಳಿಸಿ.