ಎತ್ತಿಗೆ ಜ್ವರ, ಸಫಾರಿಗೆ ಬರೆ

ಗೋಪಿ: ಟಿಕೆಟ್ ರದ್ದು ಮಾಡಿಬಿಡೋಣ ಕಣೋ. ಆ ದೇಶದಲ್ಲಿ ಎಲ್ಲೋ ಗಲಾಟೆಯಂತೆ.

ವಿಮಲಾ: ಎಲ್ಲೋ ಅಂದ್ರೆ ನಾವು ಹೋಗೋ ಊರಿಂದ ಎಷ್ಟು ದೂರ?

ಗೋಪಿ: ದೇಶ ಅದೇ ತಾನೇ!

ವಿಮಲಾ: 2014ರಲ್ಲಿ ಕೀನ್ಯಾಕ್ಕೆ ಇದೇ ಲೆಕ್ಕದಿಂದಲೂ ಏಟು ಬಿತ್ತು. ಎಬೋಲಾ ಕಾಯಿಲೆ ಹಬ್ಬಿದ್ದು ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ, ಆಫ್ರಿಕಾದ ಪಶ್ಚಿಮದ ತುದೀಲಿ. ಜನ ರದ್ದು ಮಾಡಿದ್ದು ಪೂರ್ವದ ಕೀನ್ಯಾ, ತಾಂಜಾನಿಯಾ ಸಫಾರಿಗಳನ್ನ. ಸಿಯೆರಾ ಲಿಯೋನ್ ರಾಜಧಾನಿ ಫ್ರೀಟೌನ್‌ನಿಂದ ಕೀನ್ಯಾದ ನೈರೋಬಿ 5,600 ಕಿ.ಮೀ.ಗೂ ಜಾಸ್ತಿ, ಯುರೋಪಿನ ಮ್ಯಾಡ್ರಿಡ್ ಸುಮಾರು 3,700 ಅಷ್ಟೇ.

ಸೀನ: ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಗೋಪಿ: ಸರ್ಕಾರದ ಪ್ರಯಾಣ ಸೂಚನೇಲೂ ಎಚ್ಚರಿಕೆ ಇದೆಯಲ್ಲ?

ಸೀನ: ಪೂರ್ತಿ ಓದು ಮಾರಾಯ. ಅಮೆರಿಕದ್ದು 2018ರಿಂದ ನಾಲ್ಕು ಹಂತ: ಮಾಮೂಲಿ ಎಚ್ಚರ, ಹೆಚ್ಚಿನ ಎಚ್ಚರ, ಹೋಗೋದನ್ನ ಮತ್ತೆ ಯೋಚಿಸಿ, ಹೋಗಲೇಬೇಡಿ. ಇಡೀ ದೇಶಕ್ಕೆ ಎರಡು ಅಂತಿರುತ್ತೆ, ಗಡಿಯ ಒಂದು ಪ್ರಾಂತ್ಯಕ್ಕೆ ಮಾತ್ರ ನಾಲ್ಕು. ಜನ ಆ ನಾಲ್ಕನ್ನ ಇಡೀ ದೇಶದ ಹಣೆಗೆ ಅಂಟಿಸ್ತಾರೆ. ಕಾರಣ ಏನು, ಯಾವ ತಾರೀಕಿನದು ಅಂತ ನೋಡು. ಜೇಬುಗಳ್ಳತನಕ್ಕೂ ಅಪಹರಣಕ್ಕೂ ಒಂದೇ ಮುಖ ಮಾಡ್ಕೋಬೇಡ.

ಗೋಪಿ: ಇನ್ಶೂರೆನ್ಸ್ ಇದೆ. ಭಯ ಆಯ್ತು ಅಂತ ಕ್ಲೇಮ್ ಹಾಕ್ತೀನಿ.

ವಿಮಲಾ: ಭಯಕ್ಕೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ. ಗಲಾಟೆ ಸುದ್ದಿಯಾದ ಮೇಲೆ ಪಾಲಿಸಿ ಕೊಂಡ್ರೆ ‘ಮೊದಲೇ ಗೊತ್ತಿತ್ತಲ್ಲ’ ಅಂತಾರೆ. ಸರ್ಕಾರ ಹೋಗಲೇಬೇಡಿ ಅಂದ ಜಾಗಕ್ಕೆ ಹೋದ್ರೆ ಎಷ್ಟೋ ಪಾಲಿಸಿ ಕೆಲಸಕ್ಕೇ ಬರಲ್ಲ. ವಿನಾಯ್ತಿಗಳ ಪುಟ ಮೊದಲು ಓದ್ಬೇಕು.

ಗೋಪಿ: ಹೋಟೆಲ್ ಬಾಗಿಲಲ್ಲಿ ಬಂದೂಕು ಹಿಡಿದವರು ನಿಂತಿರ್ತಾರಂತೆ.

ಸೀನ: ಪೊಲೀಸ್ ಇದ್ರೆ ಏನೋ ಆಗಿದೆ ಅನ್ನಿಸುತ್ತೆ, ಇಲ್ದಿದ್ರೆ ಏನೋ ಆಗುತ್ತೆ ಅನ್ನಿಸುತ್ತೆ. ನಿನ್ನಂಥೋರಿಗೆ ಬಂದೂಕಿಗಿಂತ ಬೀದಿದೀಪ ಮೇಲು. ಅದೂ ಒಂದೇ ಹದದ ಬೆಳಕಾಗಿರ್ಬೇಕು. ಕಣ್ಣು ಕುಕ್ಕೋ ದೀಪ ಒಂದಿದ್ರೆ ಪಕ್ಕದ ಮೂಲೆ ಇನ್ನಷ್ಟು ಕತ್ತಲಾಗುತ್ತೆ.

ಗೋಪಿ: ಸಮುದ್ರದಲ್ಲಿ ಶಾರ್ಕ್ ಬೇರೆ!

ವಿಮಲಾ: ತಾನಾಗಿ ಮೇಲೆ ಬಿದ್ದು ಶಾರ್ಕ್ ಕೊಲ್ಲೋದು ಜಗತ್ತಿನಲ್ಲೆಲ್ಲ ವರ್ಷಕ್ಕೆ ಸರಾಸರಿ ಹತ್ತಕ್ಕಿಂತ ಕಡಿಮೆ ಜನರನ್ನ. 2021ರಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದಡದಲ್ಲಿ ನಿಂತು ನೋಡು. ಎರಡೂ ಕಡೆ ಅಲೆ ಒಡೀತಿರುತ್ತೆ, ಮಧ್ಯೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಶಾಂತವಾಗಿರುತ್ತೆ. ಸೇಫ್ ಅಂದ್ಕೊಂಡು ಎಲ್ರೂ ಅಲ್ಲೇ ಇಳೀತಾರೆ. ರಿಪ್ ಕರೆಂಟ್, ಅಂದ್ರೆ ನೀರಿನ ಜೋರು ಸೆಳೆತ, ಇರೋದೇ ಅಲ್ಲಿ, ಸಮುದ್ರದ ಒಳಗೆ ಎಳ್ಕೊಂಡು ಹೋಗುತ್ತೆ. ಸಿಕ್ಕಿಕೊಂಡ್ರೆ ನೇರ ದಡಕ್ಕೆ ಈಜಿದಷ್ಟೂ ಸುಸ್ತು. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಆಚೆ ಬಂದು, ಆಮೇಲೆ ದಡಕ್ಕೆ ತಿರುಗ್ಬೇಕು.

ಸೀನ: ಇವನು ಹೆದರೋದು ಶಾರ್ಕಿಗೆ, ಬಾಡಿಗೆ ಸ್ಕೂಟರ್ ಓಡಿಸೋದು ಹೆಲ್ಮೆಟ್ ಇಲ್ದೆ.

ಗೋಪಿ: ಏನಾದ್ರೂ ಅನ್ನಿ, ನಾನು ರದ್ದು ಮಾಡ್ತಿದ್ದೀನಿ.

ವಿಮಲಾ: ಗಡುವು ನೋಡಿದ್ಯಾ? ದುಡ್ಡು ವಾಪಸ್ ಬರೋ ಅವಧಿ ನಿನ್ನೆ ರಾತ್ರಿ 12ಕ್ಕೆ ಮುಗೀತು.

ಗೋಪಿ: ...ನೋಡಿದ್ರೆ ಆ ಊರು ಅಷ್ಟೇನೂ ಕೆಟ್ಟದ್ದಲ್ಲ ಅನ್ಸುತ್ತೆ ಕಣೋ.